ಜೂಜಿನ ಚಟ: ಅದನ್ನು ಗುರುತಿಸುವ ಬಗೆಯೂ ಬಿಡುಗಡೆಯ ದಾರಿಯೂ

ಸ್ಮರಣ ಸಂಚಿಕೆಯೆಂದರೆ ಸಂತೋಷದ ಮಾತುಗಳಿಗೆ ಮೀಸಲಾದದ್ದೆಂದು ಅನೇಕರು ಎಣಿಸುವರು. ಅದು ಸರಿಯೇ. ಆದಾಗ್ಯೂ ನಮ್ಮ ಮನೆಗಳ ಸಂತೋಷವನ್ನು ಗೆದ್ದಲಿನಂತೆ ಒಳಗಿಂದೊಳಗೇ ತಿನ್ನುವ ಒಂದು ಸಂಗತಿಯ ಕುರಿತು ಇಂಥ ಪುಸ್ತಕದಲ್ಲಿಯೇ ಬರೆಯುವದು ಯುಕ್ತವೆಂದು ನಮಗೆ ತೋರಿತು. ಯಾಕಂದರೆ ಈ ಪುಸ್ತಕವು ಮನೆಯೊಳಗೆ ಹೋಗುವದು. ತಾಯಂದಿರೂ ಅಜ್ಜಿಯರೂ ಅಣ್ಣತಮ್ಮಂದಿರೂ ಇದನ್ನು ತೆರೆದು ನೋಡುವರು.

ನಾವು ಹೇಳಬೇಕೆಂದಿರುವದು ಜೂಜಿನ ಚಟದ ವಿಷಯ. ಇದು ಗಂಡಸರ ಸಂಗತಿ, ಹೆಣ್ಣುಮಕ್ಕಳ ಶಾಲೆಯ ಪುಸ್ತಕದಲ್ಲಿ ಇದಕ್ಕೇನು ಕೆಲಸ ಎಂದು ಯಾರಾದರೂ ಕೇಳಿಯಾರು. ನಮ್ಮ ಉತ್ತರವು ಇಷ್ಟೇ: ಪಣವನ್ನು ಒಡ್ಡುವವನು ಒಬ್ಬನು, ಅದನ್ನು ತೆರುವವರು ಮನೆಯವರೆಲ್ಲರು. ಹೆಂಡತಿಯ ಬಳೆ, ಮಗಳ ಶಾಲೆಯ ಫೀಸು, ಮುದಿ ತಾಯಿಯ ಮದ್ದಿನ ಹಣ, ಇವೇ ಮೊದಲು ಹೋಗತಕ್ಕವು. ಮೇಲಾಗಿ ಜೂಜು ಈಗ ಗಂಡಸರದ್ದು ಮಾತ್ರವಾಗಿಯೂ ಉಳಿದಿಲ್ಲ. ಫೋನಿನ ಮೂಲಕ ಅದು ಯಾರ ಕೈಗಾದರೂ ಬರುತ್ತದೆ.

ನಮ್ಮ ಸೀಮೆಯಲ್ಲಿ ಜೂಜಿನ ರೂಪಗಳು

ಫಲವು ನಿಶ್ಚಯವಿಲ್ಲದ ಒಂದು ಸಂಗತಿಯ ಮೇಲೆ ಹಣವನ್ನಾಗಲಿ ಬೆಲೆಯುಳ್ಳ ವಸ್ತುವನ್ನಾಗಲಿ ಒಡ್ಡುವದೇ ಜೂಜು. ನಮ್ಮ ಜಿಲ್ಲೆಯಲ್ಲಿ ಇದಕ್ಕೆ ಜುಗಾರಿ ಎಂಬ ಮಾತು ಹೆಚ್ಚು ರೂಢಿಯಾಗಿದೆ. ಪುತ್ತೂರು, ಸುಳ್ಯ, ಕಡಬ ತಾಲೂಕುಗಳಲ್ಲಿ ಇದು ಹಲವು ವೇಷಗಳಲ್ಲಿ ಕಾಣಿಸಿಕೊಳ್ಳುವದು. ಬಹು ಹಳೆಯದು ಕೋಳಿ ಅಂಕ. ತುಳುವಿನಲ್ಲಿ ಕೋರಿಕಟ್ಟವೆಂದು ಕರೆಯಲ್ಪಡುವ ಇದರಲ್ಲಿ ಹುಂಜಗಳ ಕಾಲಿಗೆ ಹರಿತವಾದ ಚೂರಿಯನ್ನು ಕಟ್ಟಿ ಕಾದಾಡಿಸುವರು. ಸುತ್ತ ನಿಂತವರು ಹಣ ಕಟ್ಟುವರು. ಇದು ಹಿರಿಯರ ಕಾಲದ ಸಂಪ್ರದಾಯವೆಂದು ಹೇಳುವವರು ಇದ್ದಾರೆ. ಸಂಪ್ರದಾಯವು ಹುಂಜಗಳದ್ದಾಗಿರಬಹುದು, ಅಂಕದ ಸುತ್ತ ಕೈಯಿಂದ ಕೈಗೆ ಹೋಗುವ ನೋಟಿನ ಕಟ್ಟುಗಳು ಯಾವ ಸಂಪ್ರದಾಯಕ್ಕೆ ಸೇರಿದವೆಂಬದನ್ನು ಅವರೇ ಹೇಳಬೇಕು.

ಎರಡನೆಯದು ಇಸ್ಪೀಟು. ಎಲೆಯು ಒಳಗೆ ಬೀಳುವದೋ ಹೊರಗೆ ಬೀಳುವದೋ ಎಂದು ಪಣವೊಡ್ಡುವ ಉಲಾಯಿ-ಪಿದಾಯಿ ಆಟವು ಜಾತ್ರೆಯ ಗದ್ದಲದ ಮರೆಯಲ್ಲಿ, ಗುಡ್ಡದ ತೋಪಿನಲ್ಲಿ ನಡೆಯುವದುಂಟು. ಮೂರನೆಯದು ಮಟ್ಕಾ. ಇದರ ಹುಟ್ಟು ಮುಂಬಯಿಯಲ್ಲಿ. ನ್ಯೂಯಾರ್ಕಿನ ಹತ್ತಿಯ ಪೇಟೆಯಲ್ಲಿ ವ್ಯಾಪಾರವು ತೆರೆಯುವಾಗಲೂ ಮುಚ್ಚುವಾಗಲೂ ಇರುವ ಧಾರಣೆಯ ಮೇಲೆ ಅಲ್ಲಿ ಮೊದಲು ಬಾಜಿ ಕಟ್ಟುತ್ತಿದ್ದರು. ೧೯೬೦ರ ದಶಕದ ಆರಂಭದಲ್ಲಿ ಆ ಧಾರಣೆಯ ವರ್ತಮಾನವು ನಿಂತುಹೋಗಲು, ಮಡಕೆಯಿಂದ ಚೀಟಿ ಎತ್ತುವ ಪದ್ಧತಿಯು ಹುಟ್ಟಿತು. ಮಡಕೆಗೆ ಹಿಂದಿಯಲ್ಲಿ ಮಟ್ಕಾ ಎನ್ನುವರು. ತೆರೆಯುವ ಮತ್ತು ಮುಚ್ಚುವ ಅಂಕಗಳ ನೆನಪಾಗಿ ಇದಕ್ಕೆ ಓಸಿ ಎಂಬ ಹೆಸರು ಇಂದಿಗೂ ಉಂಟು. ನಾಲ್ಕನೆಯದು ಲಾಟರಿ. ಕರ್ನಾಟಕವು ೨೦೦೭ರಲ್ಲಿ ಲಾಟರಿಯನ್ನು ನಿಲ್ಲಿಸಿತು. ಆದರೆ ೧೯೬೭ರಲ್ಲಿ ಸ್ಥಾಪಿತವಾದ ಕೇರಳ ಸರಕಾರದ ಲಾಟರಿಯು ನಡೆಯುತ್ತಲೇ ಇದೆ. ಸುಳ್ಯದಿಂದ ಜಾಲ್ಸೂರು ದಾಟಿ ಕಾಸರಗೋಡಿನ ದಾರಿ ಹಿಡಿದರೆ ಅದರ ಚೀಟಿಗಳು ಅಂಗಡಿಗಳ ಮುಂದೆ ತೂಗುವದನ್ನು ಕಾಣಬಹುದು.

ಕಡೆಯದಾಗಿ ಬಂದದ್ದು ಮೊಬೈಲ್ ಫೋನಿನ ಜೂಜು. ಕ್ರಿಕೆಟ್ ಪಂದ್ಯದ ಮೇಲಿನ ಬೆಟ್ಟಿಂಗ್, ಹಣವಿಟ್ಟು ಆಡುವ ರಮ್ಮಿ, ಬಣ್ಣವನ್ನೂ ಅಂಕವನ್ನೂ ಊಹಿಸುವ ಆಟ, ಹೀಗೆ ಇದರ ಬಗೆಗಳಿಗೆ ಕೊನೆಯಿಲ್ಲ. ಹಿಂದಿನ ಜೂಜಿಗೆ ಒಂದು ಸ್ಥಳವೂ ಒಂದು ಹೊತ್ತೂ ಇದ್ದವು. ಅಂಕವು ಮುಗಿದರೆ ಮನೆಗೆ ಬರಲೇಬೇಕಿತ್ತು. ಕಿಸೆಯಲ್ಲಿದ್ದದ್ದು ಮುಗಿದರೆ ಆಟವೂ ಮುಗಿಯುತ್ತಿತ್ತು. ಫೋನಿನ ಜೂಜಿಗೆ ಹಗಲಿಲ್ಲ, ರಾತ್ರಿಯಿಲ್ಲ. ಬೇಂಕಿನ ಖಾತೆಯೇ ಅದರ ಕಿಸೆ. ಪಕ್ಕದಲ್ಲಿ ಮಲಗಿದ ಹೆಂಡತಿಗೂ ತಿಳಿಯದಂತೆ ಕಂಬಳಿಯ ಒಳಗೆ ಒಂದು ತೋಟದ ಫಸಲು ಕರಗಿ ಹೋಗಬಹುದು.

ನಮ್ಮ ಸೀಮೆಯ ಬಾಳುವೆಗೂ ಇದಕ್ಕೂ ಒಂದು ಸಂಬಂಧವುಂಟು. ಅಡಿಕೆಯ ಬೆಳೆಗಾರನಿಗೆ ಹಣವು ದಿನದಿನವೂ ಬರುವದಿಲ್ಲ. ಅಡಿಕೆಯು ಒಣಗಿ ಸುಲಿದು ಮಾರಾಟವಾದಾಗ ಒಮ್ಮೆಗೇ ಬರುವದು. ಆ ಹಣದಲ್ಲಿ ವರ್ಷದ ಅಕ್ಕಿ, ಗೊಬ್ಬರ, ಮದ್ದು ಬಿಡುವ ಕೂಲಿ, ಸೊಸೈಟಿಯ ಸಾಲದ ಕಂತು, ಮಕ್ಕಳ ಫೀಸು ಎಲ್ಲವೂ ಅಡಗಿರುವವು. ನೋಡುವ ಕಣ್ಣಿಗೆ ಮಾತ್ರ ಅದು ಒಂದು ದೊಡ್ಡ ಗಂಟು. ಇನ್ನು ಸುಳ್ಯದ ಕಡೆಯ ಕೆಲವು ತೋಟಗಳಂತೆ ಹಳದಿ ರೋಗದಿಂದ ಮರಗಳು ಸೊರಗಿದಲ್ಲಿ, ಕಳಕೊಂಡದ್ದನ್ನು ಒಂದೇ ಏಟಿಗೆ ಸಂಪಾದಿಸೋಣವೆಂಬ ಆಶೆಯು ಸುಲಭವಾಗಿ ಹುಟ್ಟುವದು. ಜೂಜು ಕಾಯುವದು ಇಂಥ ಗಂಟಿಗೂ ಇಂಥ ಆಶೆಗೂ.

ಲೆಕ್ಕವು ಏನು ಹೇಳುತ್ತದೆ

ಗಣಿತವನ್ನು ಕಲಿತ ವಿದ್ಯಾರ್ಥಿನಿಯರು ಈ ಲೆಕ್ಕವನ್ನು ತಾವೇ ಮಾಡಿ ನೋಡಲಿ. ಸೊನ್ನೆಯಿಂದ ಒಂಭತ್ತರ ವರೆಗೆ ಅಂಕಗಳು ಹತ್ತು. ಒಂದು ಅಂಕದ ಮೇಲೆ ಒಂದು ರೂಪಾಯಿ ಕಟ್ಟಿ ಗೆದ್ದವನಿಗೆ ಒಂಭತ್ತು ರೂಪಾಯಿ ಕೊಡುವರೆಂದು ಇಟ್ಟುಕೊಳ್ಳಿರಿ. ಒಬ್ಬನು ದಿನಕ್ಕೆ ೧೦ ರೂಪಾಯಿಯಂತೆ ನೂರು ದಿನ ಕಟ್ಟಿದರೆ ಅವನ ಕೈಯಿಂದ ಹೋಗುವದು ೧,೦೦೦ ರೂಪಾಯಿ. ಸರಾಸರಿಯಾಗಿ ಅವನು ಗೆಲ್ಲುವದು ಹತ್ತು ದಿನ. ಬರುವದು ೯೦೦ ರೂಪಾಯಿ. ಎರಡು ಅಂಕಗಳ ಜೋಡಿಯಾದರೆ ಸೊನ್ನೆ ಸೊನ್ನೆಯಿಂದ ತೊಂಭತ್ತೊಂಭತ್ತರ ವರೆಗೆ ನೂರು ಜೋಡಿಗಳು. ಅದಕ್ಕೆ ಒಂದಕ್ಕೆ ಎಂಭತ್ತು ಕೊಡುವರೆಂದರೆ ನೂರಕ್ಕೆ ಇಪ್ಪತ್ತು ರೂಪಾಯಿ ಆಡಿಸುವವನ ಪಾಲು. ಗೆದ್ದವನ ಹಣವು ಆಡಿಸುವವನ ಕಿಸೆಯಿಂದ ಬರುವದಲ್ಲ, ಸೋತವರ ಕಿಸೆಯಿಂದ ಬರುವದು. ಆಡಿಸುವವನು ಆಡುವದೇ ಇಲ್ಲ. ಅವನು ತೂಗುವ ತಕ್ಕಡಿಯು ಮೊದಲೇ ಅವನ ಕಡೆಗೆ ವಾಲಿದೆ.

ಇಷ್ಟು ಸುಲಭವಾದ ಲೆಕ್ಕವು ಬುದ್ಧಿವಂತರಿಗೆ ಯಾಕೆ ಹೊಳೆಯದು? ಮನಸ್ಸಿಗೆ ಒಂದು ಭ್ರಾಂತಿಯುಂಟು. ಐದು ಸಲ ಸೋತೆನು, ಆದ್ದರಿಂದ ಆರನೆಯ ಸಲ ಗೆಲ್ಲಲೇಬೇಕು ಎಂದು ಅದು ಎಣಿಸುವದು. ೧೯೧೩ರ ಆಗಸ್ಟ್ ೧೮ರಂದು ಯೂರೋಪಿನ ಮೊಂಟೆ ಕಾರ್ಲೊ ಎಂಬಲ್ಲಿಯ ಪ್ರಸಿದ್ಧ ಜೂಜುಮನೆಯಲ್ಲಿ ತಿರುಗುವ ಚಕ್ರದ ಚೆಂಡು ಒಂದೇ ಸಮನೆ ೨೬ ಸಲ ಕಪ್ಪು ಮನೆಯಲ್ಲಿಯೇ ಬಿತ್ತೆಂದು ಪ್ರಸಿದ್ಧವಾಗಿದೆ. ಇನ್ನು ಕೆಂಪು ಬಾರದಿರದು ಎಂದು ಜನರು ಪ್ರತಿ ಸಲವೂ ಹೆಚ್ಚು ಹೆಚ್ಚು ಹಣವನ್ನು ಕೆಂಪಿನ ಮೇಲೆ ಸುರಿದು ಕಳಕೊಂಡರು. ಚೆಂಡಿಗೆ ಹಿಂದಿನ ನೆನಪಿಲ್ಲ. ನೆನಪು ಇರುವದು ಸೋತವನಿಗೆ. ಹಾಗೆಯೇ ೪೭ಕ್ಕೆ ಕಟ್ಟಿದಾಗ ೪೮ ಬಂದರೆ, ಸ್ವಲ್ಪದರಲ್ಲಿ ತಪ್ಪಿತು ಎನ್ನುವರು. ಮಡಕೆಯೊಳಗೆ ೪೭ಕ್ಕೆ ೪೮ ನೆರೆಯವನಲ್ಲ. ಉಳಿದ ತೊಂಭತ್ತೊಂಭತ್ತರಂತೆ ಅದೂ ಒಂದು. ಆದರೆ ಸ್ವಲ್ಪದರಲ್ಲಿ ತಪ್ಪಿತೆಂಬ ಆ ಒಂದು ಮಾತು ಎಷ್ಟೋ ಜನರನ್ನು ಮರುದಿನ ಅದೇ ಅಂಗಡಿಯ ಹಿಂಬಾಗಿಲಿಗೆ ಕರಕೊಂಡು ಹೋಗಿದೆ.

ಆಟವು ಚಟವಾಗುವ ಬಗೆ

ಒಮ್ಮೆ ಪಣವೊಡ್ಡಿದವರೆಲ್ಲರೂ ಚಟದವರಾಗುವದಿಲ್ಲವೆಂಬದು ಸತ್ಯ. ಆದರೆ ಯಾರು ಆಗುವರು, ಯಾರು ಆಗರು ಎಂಬದನ್ನು ಮುಂದಾಗಿ ಹೇಳಬಲ್ಲವರು ಯಾರೂ ಇಲ್ಲ. ಯಾವಾಗಲೂ ದೊರೆಯುವ ಬಹುಮಾನಕ್ಕಿಂತ, ಯಾವಾಗ ದೊರೆಯುವದೆಂದು ತಿಳಿಯದ ಬಹುಮಾನವೇ ಪ್ರಾಣಿಯನ್ನು ಹೆಚ್ಚಾಗಿ ಕಟ್ಟಿಹಾಕುವದೆಂದು ಅಮೇರಿಕದ ಮನಶ್ಶಾಸ್ತ್ರಜ್ಞನಾದ ಸ್ಕಿನ್ನರನು ಪಾರಿವಾಳಗಳ ಮೇಲಿನ ಪ್ರಯೋಗಗಳಿಂದ ತೋರಿಸಿದನು. ಜೂಜಿನ ಬಲವು ಅದೇ. ಪಂಡಿತರು ಬಹುಕಾಲ ಇದನ್ನು ಬರೇ ದುರ್ಗುಣವೆಂದು ಭಾವಿಸಿದ್ದರು. ೧೯೮೦ರಲ್ಲಿ ಅಮೇರಿಕದ ಮನೋವೈದ್ಯರ ಸಂಘವು ಇದನ್ನು ತನ್ನ ರೋಗಗಳ ಪಟ್ಟಿಯಲ್ಲಿ ಸೇರಿಸಿತು. ೨೦೧೩ರಲ್ಲಿ ಇದನ್ನು ಮದ್ಯ ಮೊದಲಾದ ವ್ಯಸನಗಳ ಸಾಲಿನಲ್ಲಿಯೇ ಇರಿಸಿತು. ೨೦೨೨ರಿಂದ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯೂ ಹೀಗೆಯೇ ಹೇಳುತ್ತದೆ. ಆದಕಾರಣ ಇದಕ್ಕೆ ಬೈಗಳಿಗಿಂತ ಚಿಕಿತ್ಸೆಯು ಹೆಚ್ಚು ಅಗತ್ಯ.

ಮದ್ಯದ ಚಟಕ್ಕೂ ಇದಕ್ಕೂ ಒಂದು ದೊಡ್ಡ ಭೇದವುಂಟು. ಕುಡಿದವನ ಬಾಯಿ ವಾಸನೆ ಬರುವದು, ಕಾಲು ತಡವರಿಸುವದು. ಜೂಜಿಗೆ ವಾಸನೆಯಿಲ್ಲ. ಸೋತವನು ನೆಟ್ಟಗೆ ನಡಕೊಂಡು ಬಂದು ಊಟಕ್ಕೆ ಕೂತುಕೊಳ್ಳುವನು. ಆದ್ದರಿಂದ ಗುರುತುಗಳನ್ನು ತಿಳಿದುಕೊಂಡಿರುವದು ಇಲ್ಲಿ ಹೆಚ್ಚು ಆವಶ್ಯಕ.

ಗುರುತುಗಳು

ವೈದ್ಯರು ಒಂಭತ್ತು ಗುರುತುಗಳನ್ನು ಹೇಳುತ್ತಾರೆ. ಅವುಗಳನ್ನು ನಮ್ಮ ಮನೆಗಳ ಮಾತಿನಲ್ಲಿ ಇಲ್ಲಿ ಬರೆಯುತ್ತೇವೆ.

೧. ಮೊದಲು ನೂರು ರೂಪಾಯಿಯಲ್ಲಿ ಸಿಕ್ಕುತ್ತಿದ್ದ ಉಮೇದು ಈಗ ಸಾವಿರದಲ್ಲಿಯೂ ಸಿಕ್ಕದೆ, ಪಣವು ಏರುತ್ತಾ ಹೋಗುವದು.

೨. ಆಡದೆ ಇರಬೇಕಾಗಿ ಬಂದ ದಿನ ಚಡಪಡಿಕೆ, ಮಕ್ಕಳ ಮೇಲೆ ವಿನಾಕಾರಣ ಸಿಡುಕು.

೩. ಬಿಡುತ್ತೇನೆಂದು ಎಷ್ಟೋ ಸಲ ಹೇಳಿದ್ದು, ಬಿಡಲು ಯತ್ನಿಸಿದ್ದು, ಆಗದೆ ಹೋದದ್ದು.

೪. ಊಟದಲ್ಲಿಯೂ ಕೆಲಸದಲ್ಲಿಯೂ ಅದೇ ಧ್ಯಾನ. ಹಿಂದಿನ ಆಟದ ಎಣಿಕೆ, ಮುಂದಿನ ಆಟಕ್ಕೆ ಹಣ ಹೊಂದಿಸುವ ಯೋಚನೆ.

೫. ದುಃಖವಾದಾಗ, ಅವಮಾನವಾದಾಗ, ಮನಸ್ಸು ಕುಗ್ಗಿದಾಗ ಜೂಜಿನ ಕಡೆಗೆ ಓಡುವದು.

೬. ಇಂದು ಸೋತದ್ದನ್ನು ತಿರಿಗಿ ಪಡೆಯಬೇಕೆಂದು ನಾಳೆ ಮರಳಿ ಹೋಗುವದು. ನಮ್ಮ ಎಣಿಕೆಯಲ್ಲಿ ಎಲ್ಲಕ್ಕಿಂತಲೂ ಗಮನಿಸತಕ್ಕದ್ದು ಇದೇ.

೭. ಸುಳ್ಳು ಹೇಳುವದು. ಫೋನನ್ನು ಕವುಚಿ ಇಡುವದು, ಬೇಂಕಿನ ಪುಸ್ತಕವನ್ನು ಅಡಗಿಸುವದು, ಬಂಗಾರವು ಪಾಲಿಶಿಗೆ ಹೋಗಿದೆ ಎನ್ನುವದು.

೮. ಇದರ ದೆಸೆಯಿಂದ ಕೆಲಸ, ವಿದ್ಯಾಭ್ಯಾಸ ಅಥವಾ ಆಪ್ತರ ಸಂಬಂಧವು ಕೆಡುವದು, ಇಲ್ಲವೆ ಕೆಡುವ ಹಂತಕ್ಕೆ ಬರುವದು.

೯. ತಾನು ಮಾಡಿಕೊಂಡ ಇಕ್ಕಟ್ಟಿನಿಂದ ಪಾರಾಗಲು ಬೇರೆಯವರ ಹಣವನ್ನು ಆಶ್ರಯಿಸುವದು.

ಒಂದು ವರ್ಷದೊಳಗೆ ಇವುಗಳಲ್ಲಿ ನಾಲ್ಕು ಕಂಡುಬಂದರೆ ಅದು ಚಟವೆಂದು ವೈದ್ಯರು ನಿರ್ಣಯಿಸುವರು. ಒಂದೆರಡೇ ಇದ್ದರೆ ನಿಶ್ಚಿಂತೆಯಾಗಿರಬಹುದೆಂದು ಅರ್ಥವಲ್ಲ. ಹಿಂತಿರುಗಲು ದಾರಿಯು ಇನ್ನೂ ಹತ್ತಿರವಿದೆ ಎಂದರ್ಥ.

ಒಂದು ಮನೆಯ ಸಂಗತಿ

ನಾವು ಬಲ್ಲ ಒಂದು ಮನೆಯ ಸಂಗತಿಯನ್ನು ಹೇಳುವೆವು. ಊರು ಹೆಸರುಗಳು ಬೇಡ. ಕುಮಾರಧಾರೆಯಿಂದ ಬಹಳ ದೂರವಲ್ಲದ ಒಂದು ಹಳ್ಳಿ; ಎರಡು ಎಕ್ರೆಗೆ ಕಡಿಮೆಯ ಅಡಿಕೆ ತೋಟ. ಮನೆಯ ಯಜಮಾನನು ಕುಡಿಯುವವನಲ್ಲ, ಸೋಮಾರಿಯಲ್ಲ, ಊರಿಗೆ ಬೇಕಾದವನು. ಮಗಳು ಹತ್ತನೆಯ ತರಗತಿಯಲ್ಲಿದ್ದಳು. ಪರೀಕ್ಷೆಯ ಫೀಸಿಗೆಂದು ತಾಯಿಯು ಹಾಲಿನ ಹಣದಿಂದ ಕೂಡಿಸಿ ಡಬ್ಬಿಯಲ್ಲಿಟ್ಟಿದ್ದ ನೋಟುಗಳು ಒಂದು ದಿನ ಇಲ್ಲದಾದವು. ನಾನೇ ತೆಗೆದೆ, ನಾಡಿದ್ದು ಇಡುತ್ತೇನೆ ಎಂದನು ತಂದೆ. ನಾಡಿದ್ದು ಇಟ್ಟನು ಕೂಡ. ಅಷ್ಟೇ ಅಲ್ಲ, ಮಗಳಿಗೆ ಒಂದು ಕೈಗಡಿಯಾರವನ್ನೂ ತಂದನು. ಅದು ಗೆದ್ದ ದಿನ. ಗೆದ್ದ ದಿನದ ಉಡುಗೊರೆಗಳು ಹೀಗೆಯೇ ಬಾಯಿ ಕಟ್ಟುವವು.

ಮೊದಲು ತಿಳಿದುಕೊಂಡವಳು ಮಗಳೇ. ತಂದೆಯು ರಾತ್ರಿ ಎರಡು ಗಂಟೆಗೆ ಚಾವಡಿಯಲ್ಲಿ ಕತ್ತಲೆಯಲ್ಲಿ ಕೂತಿರುವದನ್ನೂ ಅವನ ಮುಖದ ಮೇಲೆ ಫೋನಿನ ಬೆಳಕು ಬಿದ್ದಿರುವದನ್ನೂ ಅವಳು ಮೂರು ಸಲ ನೋಡಿದಳು. ಕೇಳಲು ಧೈರ್ಯ ಬರಲಿಲ್ಲ. ಆ ವರ್ಷದ ಮಳೆಗಾಲದಲ್ಲಿ ಬಂಗಾರದ ಸಾಲದ ವಾಯಿದೆಯು ಮೀರಿದೆ ಎಂಬ ಕಾಗದವು ಮನೆಗೆ ಬಂತು. ತಾಯಿಯ ಸರವೂ ಬಳೆಯೂ ಅಡವಿನಲ್ಲಿದ್ದವು. ಕಪಾಟಿನಲ್ಲಿದ್ದದ್ದು ಬರಿಯ ಪೆಟ್ಟಿಗೆ.

ತಾಯಿಯು ಮೊದಲು ಅತ್ತಳು; ಅನಂತರ ತನ್ನ ಅಣ್ಣನಿಗೆ ಹೇಳಿಕಳುಹಿಸಿದಳು. ಅವನು ಬಂದು ಭಾವನನ್ನು ಜನರೆದುರಿಗೆ ಬೈಯಲಿಲ್ಲ. ತೋಟದ ತುದಿಗೆ ಕರಕೊಂಡು ಹೋಗಿ, "ಭಾವ, ಎಷ್ಟಾಗಿದೆ ಎಂದು ಒಂದು ಕಾಗದದಲ್ಲಿ ಬರೆಯಿರಿ. ಒಂದು ರೂಪಾಯಿಯನ್ನೂ ಮುಚ್ಚಿಡಬೇಡಿ. ಬರೆದ ಮೇಲೆ ನಾವು ಡಾಕ್ಟರರಲ್ಲಿಗೆ ಹೋಗೋಣ" ಎಂದನು. ಬರೆಯುವದಕ್ಕೆ ಎರಡು ದಿನ ಹಿಡಿಯಿತು. ಮೊದಲನೆಯ ದಿನ ಬರೆದದ್ದು ಅರ್ಧವೆಂದು ಎರಡನೆಯ ದಿನ ಒಪ್ಪಿಕೊಂಡನು. ಆ ಕಾಗದವನ್ನು ನೋಡಿದಾಗ ತಾನು ಸಾಯುವದೇ ಒಳ್ಳೆಯದೆಂದು ತೋರಿತ್ತು, ಆದರೆ ಯಾರಿಗಾದರೂ ಹೇಳಿದ ಮೇಲೆ ಎದೆಯ ಭಾರವು ಇಳಿಯಿತು ಎಂದು ಅವನು ಆಮೇಲೆ ನಮ್ಮೊಡನೆ ಹೇಳಿದ್ದಾನೆ. ಚಿಕಿತ್ಸೆಯ ಕಾಲದಲ್ಲಿ ಎರಡು ಸಲ ತಿರಿಗಿ ಬಿದ್ದನು. ಎರಡು ಸಲವೂ ತಾನೇ ಬಂದು ಹೇಳಿದನು. ಸಾಲವು ಇನ್ನೂ ತೀರಿಲ್ಲ. ಬಳೆಗಳು ಬಂದಿವೆ, ಸರವು ಬರಬೇಕಷ್ಟೆ. ಮಗಳು ಕಾಲೇಜಿಗೆ ಹೋಗುತ್ತಾಳೆ. ಅಡಿಕೆಯ ಹಣವು ಈಗ ತಾಯಿಯ ಖಾತೆಗೆ ಬೀಳುತ್ತದೆ, ಅದೂ ಅವನು ಹೇಳಿದ್ದರಿಂದಲೇ.

ಮನೆಯವರು ಮಾಡತಕ್ಕದ್ದು

ಮೊದಲನೆಯದಾಗಿ, ಗುಟ್ಟನ್ನು ಮುರಿಯಬೇಕು. ಮರ್ಯಾದೆ ಹೋಗುವದೆಂದು ಮುಚ್ಚಿಡುವಷ್ಟು ಕಾಲವೂ ಬಡ್ಡಿಯು ಬೆಳೆಯುವದು. ಸೋತು ಬಂದ ಹೊತ್ತಿನಲ್ಲಿ ಜಗಳವಾಡದೆ, ಶಾಂತವಾದ ಹೊತ್ತನ್ನು ನೋಡಿ, ಕಂಡದ್ದನ್ನು ಕಂಡಹಾಗೆಯೇ ಹೇಳಬೇಕು. ನೀನು ಕೆಟ್ಟವನು ಎನ್ನುವದಕ್ಕಿಂತ, ಡಬ್ಬಿಯ ಹಣ ಇಲ್ಲ, ನನಗೆ ಹೆದರಿಕೆಯಾಗಿದೆ ಎನ್ನುವದು ಹೆಚ್ಚು ಫಲ ಕೊಡುವದು.

ಎರಡನೆಯದಾಗಿ, ಸಾಲವನ್ನು ತೀರಿಸಿಬಿಟ್ಟರೆ ಎಲ್ಲವೂ ಸರಿಯಾಗುವದೆಂದು ನಂಬಬಾರದು. ನಮ್ಮ ಊರಿನ ತಾಳಮದ್ದಳೆಯ ಕೂಟಗಳಲ್ಲಿ ಕೌರವ ಸಭೆಯ ದ್ಯೂತವನ್ನು ಕೇಳದವರು ಯಾರು? ಧರ್ಮರಾಜನು ರಾಜ್ಯವನ್ನೂ ತಮ್ಮಂದಿರನ್ನೂ ತನ್ನನ್ನೂ ದ್ರೌಪದಿಯನ್ನೂ ಸೋತನೆಂಬದನ್ನು ಎಲ್ಲರೂ ಬಲ್ಲರು. ಆಮೇಲಿನದನ್ನು ಗಮನಿಸುವವರು ಕಡಿಮೆ. ದ್ರೌಪದಿಯು ವರವನ್ನು ಕೇಳಲು ಧೃತರಾಷ್ಟ್ರನು ಅವರನ್ನು ಬಿಡಿಸಿ ಸಕಲವನ್ನೂ ಹಿಂದಕ್ಕೆ ಕೊಟ್ಟನು. ಅಷ್ಟಾಗಿಯೂ ಇನ್ನೊಂದು ಆಟಕ್ಕೆ ಕರೆ ಬಂದಾಗ ಅದೇ ಧರ್ಮರಾಜನು ದಾರಿಯಿಂದ ಹಿಂದಿರುಗಿ ಹೋಗಿ ಕೂತನು. ವನವಾಸವು ಬಂದದ್ದು ಆ ಎರಡನೆಯ ಆಟದಿಂದ. ಕಳಕೊಂಡದ್ದನ್ನು ಯಾರೋ ಹಿಂದಕ್ಕೆ ಕೊಟ್ಟ ಮಾತ್ರಕ್ಕೆ ಚಟವು ಹೋಗದು. ಆದ್ದರಿಂದ ಸಾಲಕ್ಕೆ ಕೈಕೊಡುವವರು ಹಣವನ್ನು ಚಟದವನ ಕೈಗೆ ಕೊಡದೆ, ಸಾಲಗಾರರ ಪಟ್ಟಿಯನ್ನು ಮಾಡಿಸಿ, ಕಂತುಗಳನ್ನು ನೆಟ್ಟಗೆ ಸಾಲ ಕೊಟ್ಟವರಿಗೇ ಸಲ್ಲಿಸಬೇಕು. ಅದೂ ಅವನು ಚಿಕಿತ್ಸೆಗೆ ಒಪ್ಪಿದ ಮೇಲೆ. ಹಳೆಯ ಸಾಲವನ್ನು ತೀರಿಸಲು ಮೀಟರ್ ಬಡ್ಡಿಯ ಹೊಸ ಸಾಲವನ್ನಾಗಲಿ ಫೋನಿನಲ್ಲಿ ಕ್ಷಣಮಾತ್ರದಲ್ಲಿ ಸಿಕ್ಕುವ ಸಾಲವನ್ನಾಗಲಿ ಮುಟ್ಟಲೇ ಕೂಡದು.

ಮೂರನೆಯದಾಗಿ, ಹಣಕ್ಕೂ ಕೈಗೂ ನಡುವೆ ದೂರವನ್ನು ಇಡಬೇಕು. ಸ್ವಲ್ಪ ಕಾಲದ ವರೆಗೆ ಬೇಂಕಿನ ವ್ಯವಹಾರವು ಮನೆಯ ಇನ್ನೊಬ್ಬರ ವಶದಲ್ಲಿರಲಿ. ಫೋನಿನಿಂದ ಹಣ ಕಳುಹಿಸುವ ಮಿತಿಯನ್ನು ಬೇಂಕಿಗೆ ಹೇಳಿ ತಗ್ಗಿಸಿರಿ. ಜೂಜಿನ ಆಟಗಳನ್ನು ಫೋನಿನಿಂದ ತೆಗೆಯಿರಿ. ಅಂಕಕ್ಕೆ ಕರೆಯುವ ಗೆಳೆಯರ ಸಂದೇಶದ ಗುಂಪುಗಳಿಂದ ಹೊರಬರಲಿ. ಇದು ಶಿಕ್ಷೆಯಲ್ಲ, ಕಾಲು ಮುರಿದವನಿಗೆ ಕೊಡುವ ಊರುಗೋಲು. ಬಿಟ್ಟ ಹೊತ್ತನ್ನು ತುಂಬಲು ಬೇರೆ ಏನಾದರೂ ಬೇಕು. ಆಟಿಯ ಮಳೆಯಲ್ಲಿ ನಮ್ಮ ಅಜ್ಜಿಯಂದಿರು ಹದಿನಾಲ್ಕು ಗುಳಿಗಳ ಚೆನ್ನೆಮಣೆಯ ಮುಂದೆ ಮಂಜೊಟ್ಟಿ ಕಾಯಿಗಳನ್ನಿಟ್ಟು ಗಂಟೆಗಟ್ಟಲೆ ಆಡುತ್ತಿದ್ದರು. ಸೋತವರು ಕಳಕೊಳ್ಳುತ್ತಿದ್ದದ್ದು ಕಾಯಿಗಳನ್ನು ಮಾತ್ರ. ಆಟವು ದೋಷವಲ್ಲ, ಪಣವೇ ದೋಷ.

ನಾಲ್ಕನೆಯದಾಗಿ, ಮನೆಯ ಹೆಂಗಸರು ತಮ್ಮ ಹಕ್ಕನ್ನು ತಿಳಿದಿರಬೇಕು. ತನ್ನನ್ನೇ ಸೋತವನಿಗೆ ನನ್ನನ್ನು ಒಡ್ಡುವ ಅಧಿಕಾರವೆಲ್ಲಿ ಎಂದು ದ್ರೌಪದಿಯು ಕೇಳಿದ ಪ್ರಶ್ನೆಗೆ ಆ ಸಭೆಯು ಉತ್ತರ ಕೊಡಲಿಲ್ಲ. ನಮ್ಮ ದೇಶದ ಕಾನೂನು ಕೊಟ್ಟಿದೆ. ೨೦೦೫ರ ಕೌಟುಂಬಿಕ ದೌರ್ಜನ್ಯ ತಡೆ ಕಾಯಿದೆಯ ಪ್ರಕಾರ ಹೆಂಡತಿಯ ಸ್ತ್ರೀಧನವನ್ನು ಮಾರುವದೂ ಕೈಬಿಡುವದೂ ಆರ್ಥಿಕ ದೌರ್ಜನ್ಯದೊಳಗೆ ಸೇರುವದು. ಹೊಡೆತ ಬಡಿತವಿದ್ದಲ್ಲಿ ಸಹಿಸಿಕೊಂಡು ಕೂಡ್ರಬೇಕಾಗಿಲ್ಲ; ಸ್ತ್ರೀಯರ ಸಹಾಯವಾಣಿಯು ೧೮೧, ಮಕ್ಕಳದ್ದು ೧೦೯೮.

ಸಹಾಯವು ಎಲ್ಲಿ ದೊರೆಯುವದು

ಎಲ್ಲಕ್ಕಿಂತ ಹತ್ತಿರವಾದದ್ದು ಟೆಲಿ ಮಾನಸ್ ಎಂಬ ದೂರವಾಣಿಯ ಸೇವೆ. ಕೇಂದ್ರ ಸರಕಾರವು ೨೦೨೨ರ ಅಕ್ಟೋಬರ್ ೧೦ರಂದು ಇದನ್ನು ಆರಂಭಿಸಿತು. ೧೪೪೧೬ ಎಂಬ ಸಂಖ್ಯೆಗೆ ಹಗಲಿರುಳೆನ್ನದೆ ಕರೆಮಾಡಬಹುದು, ಕನ್ನಡದಲ್ಲಿಯೇ ಮಾತಾಡಬಹುದು, ಹಣ ಕೊಡಬೇಕಾಗಿಲ್ಲ. ಚಟದವನೇ ಕರೆಯಬೇಕೆಂದಿಲ್ಲ, ಹೆಂಡತಿಯಾಗಲಿ ಮಗಳಾಗಲಿ ಕರೆದು ಏನು ಮಾಡಬೇಕೆಂದು ಕೇಳಬಹುದು.

ಪುತ್ತೂರಿನಲ್ಲಿಯೂ ಸುಳ್ಯದಲ್ಲಿಯೂ ಸರಕಾರಿ ತಾಲೂಕು ಆಸ್ಪತ್ರೆಗಳುಂಟು. ಕಡಬದಲ್ಲಿ ಸಮುದಾಯ ಆರೋಗ್ಯ ಕೇಂದ್ರವುಂಟು. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಮನೋವೈದ್ಯರು ಯಾವ ದಿನ ಬರುವರೆಂದು ಅಲ್ಲಿ ವಿಚಾರಿಸಿಕೊಳ್ಳಬೇಕು. ಮಂಗಳೂರಿನ ವೆನ್ಲಾಕ್ ಆಸ್ಪತ್ರೆಯಲ್ಲಿ ಮನೋರೋಗ ವಿಭಾಗವಿದೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ಫೋನು ಮತ್ತು ಅಂತರ್ಜಾಲದ ಚಟಗಳಿಗೆಂದೇ ೨೦೧೪ರಲ್ಲಿ ಶಟ್ ಎಂಬ ಚಿಕಿತ್ಸಾಲಯವನ್ನು ತೆರೆಯಿತು. ವೈದ್ಯರು ಮಾಡುವದೇನೆಂದರೆ, ಮಾತುಕತೆಯ ಮೂಲಕ ಆಶೆಯು ಯಾವ ಹೊತ್ತಿನಲ್ಲಿ, ಯಾವ ಸಂದರ್ಭದಲ್ಲಿ ಏಳುವದೆಂದು ಕಂಡುಹಿಡಿದು, ಅದು ಎದ್ದಾಗ ತಡೆಯುವ ಅಭ್ಯಾಸವನ್ನು ಕಲಿಸುವರು. ಜೊತೆಗೆ ಮನಸ್ಸಿನ ಕುಗ್ಗುವಿಕೆಯಾಗಲಿ ಕುಡಿತವಾಗಲಿ ಇದ್ದರೆ ಅದಕ್ಕೂ ಮದ್ದು ಕೊಡುವರು. ೧೯೫೭ರಲ್ಲಿ ಅಮೇರಿಕದ ಲಾಸ್ ಏಂಜಲಿಸ್ ನಗರದಲ್ಲಿ ಜೂಜನ್ನು ಬಿಡಲು ಬಯಸುವವರೇ ಕೂಡಿ ಒಂದು ಸಂಘವನ್ನು ಕಟ್ಟಿದರು. ಹೆಸರನ್ನು ಬಹಿರಂಗಪಡಿಸದೆ ಒಬ್ಬರಿಗೊಬ್ಬರು ಆಧಾರವಾಗುವ ಅದರ ಪದ್ಧತಿಯು ಅನೇಕ ದೇಶಗಳಿಗೆ ಹಬ್ಬಿದೆ.

ಒಂದು ಎಚ್ಚರಿಕೆ. ಸಾಲದ ಭಾರದಿಂದ ಬದುಕು ಬೇಡವೆಂಬ ಮಾತನ್ನು ಯಾರಾದರೂ ಆಡಿದರೆ, ಅದನ್ನು ಹೆದರಿಸುವದಕ್ಕೆ ಹೇಳಿದ್ದೆಂದು ತಳ್ಳಿಬಿಡಬೇಡಿರಿ. ಅವರನ್ನು ಒಂಟಿಯಾಗಿ ಬಿಡದೆ, ತೋಟದ ಮದ್ದಿನಂಥ ವಿಷದ ವಸ್ತುಗಳನ್ನು ದೂರವಿಟ್ಟು, ಅಂದೇ ವೈದ್ಯರಲ್ಲಿಗೆ ಕರಕೊಂಡು ಹೋಗಿರಿ. ಸಾಲವನ್ನು ತೀರಿಸಲು ವರ್ಷಗಳು ಉಂಟು.

ರಷ್ಯಾ ದೇಶದ ಪ್ರಖ್ಯಾತ ಗ್ರಂಥಕರ್ತನಾದ ದೊಸ್ತೋಯೆವ್ಸ್ಕಿಯು ಈ ಚಟದಲ್ಲಿ ಬಹು ವರ್ಷ ನರಳಿದವನು. ೧೮೬೬ರಲ್ಲಿ ಜೂಜುಗಾರನೊಬ್ಬನ ಕಥೆಯನ್ನು ಅವನು ಬಾಯಿಂದ ಹೇಳಲು ಬರಕೊಂಡವಳು ಅನ್ನಾ ಎಂಬ ಯುವತಿ. ಮುಂದೆ ಅವಳೇ ಅವನ ಹೆಂಡತಿಯಾದಳು. ಅವಳ ಉಡುಪುಗಳೂ ಆಭರಣಗಳೂ ಅಡವಿಗೆ ಹೋದವು. ೧೮೭೧ರಲ್ಲಿ ಅವನು ಜೂಜನ್ನು ಬಿಟ್ಟನು, ತಿರಿಗಿ ಆಡಲಿಲ್ಲ. ೧೮೭೩ರಲ್ಲಿ ಅನ್ನಾ ತಾನೇ ಗಂಡನ ಪುಸ್ತಕವನ್ನು ಅಚ್ಚುಹಾಕಿಸಿ ಮಾರಿ, ಮನೆಯ ಲೆಕ್ಕವನ್ನು ಕೈಗೆ ತಕ್ಕೊಂಡು, ಸಾಲವನ್ನು ವರ್ಷವರ್ಷವಾಗಿ ಇಳಿಸಿದಳು. ಬಿಡುವದು ಸಾಧ್ಯವೆಂಬದಕ್ಕೂ, ಲೆಕ್ಕವು ತಿಳಿದ ಹೆಂಗಸು ಮನೆಗೆ ಎಂಥ ಬಲವೆಂಬದಕ್ಕೂ ಇದು ಸಾಕ್ಷಿ.

ಕಾನೂನಿನ ಮಾತು

ನಮ್ಮ ಜಿಲ್ಲೆಯು ಮದ್ರಾಸು ಸಂಸ್ಥಾನದಲ್ಲಿದ್ದಾಗಲೇ ೧೯೩೦ರ ಜೂಜಿನ ಕಾಯಿದೆ ಇತ್ತು. ಈಗ ೧೯೬೩ರ ಕರ್ನಾಟಕ ಪೊಲೀಸು ಕಾಯಿದೆಯ ಮೇರೆಗೆ ಜೂಜುಮನೆಯನ್ನು ನಡಿಸುವದೂ ಬೀದಿಯಲ್ಲಿ ಜೂಜಾಡುವದೂ ಅಪರಾಧ. ೧೯೬೦ರ ಪ್ರಾಣಿಹಿಂಸಾ ತಡೆ ಕಾಯಿದೆಯ ಮೇರೆಗೆ ಹಕ್ಕಿಗಳನ್ನು ಕಾದಾಡಿಸುವದೂ ಅಪರಾಧ. ಫೋನಿನ ಜೂಜನ್ನು ತಡೆಯಲು ರಾಜ್ಯವು ೨೦೨೧ರಲ್ಲಿ ಮಾಡಿದ ತಿದ್ದುಪಡಿಯ ಮುಖ್ಯ ಭಾಗಗಳನ್ನು ಹೈಕೋರ್ಟು ೨೦೨೨ರ ಫೆಬ್ರವರಿಯಲ್ಲಿ ರದ್ದುಮಾಡಿತು. ತರುವಾಯ ೨೦೨೫ರ ಆಗಸ್ಟಿನಲ್ಲಿ ಪಾರ್ಲಿಮೆಂಟು ಒಂದು ಕಾಯಿದೆಯನ್ನು ಅಂಗೀಕರಿಸಿತು. ಅದೇ ತಿಂಗಳ ೨೨ರಂದು ರಾಷ್ಟ್ರಪತಿಗಳ ಒಪ್ಪಿಗೆ ದೊರೆಯಿತು. ಕೌಶಲ್ಯದ ಆಟವಾಗಲಿ ಅದೃಷ್ಟದ ಆಟವಾಗಲಿ, ಅಂತರ್ಜಾಲದಲ್ಲಿ ಹಣಕ್ಕಾಗಿ ಆಡಿಸುವವನಿಗೆ ಅದರ ಮೇರೆಗೆ ಮೂರು ವರ್ಷದ ವರೆಗೆ ಸೆರೆಯೂ ಒಂದು ಕೋಟಿ ರೂಪಾಯಿಯ ವರೆಗೆ ದಂಡವೂ ಉಂಟು. ಆಡಿ ಕೆಟ್ಟವನನ್ನು ಆ ಕಾಯಿದೆಯು ದಂಡಿಸುವದಿಲ್ಲ. ಆದ್ದರಿಂದ ಫೋನಿನಲ್ಲಿ ಆಡಿ ಸೋತವನು ಸಹಾಯ ಕೇಳಲು ಅದಕ್ಕೆ ಅಂಜಬೇಕಾಗಿಲ್ಲ. ಆದರೆ ಕಾನೂನು ಒಂದು ಬಾಗಿಲನ್ನು ಮುಚ್ಚಿದರೆ ಕಳ್ಳರು ಇನ್ನೊಂದನ್ನು ತೆರೆಯುವರು. ಕಡೆಯ ಕಾವಲು ಮನೆಯದೇ.

ವಿದ್ಯಾರ್ಥಿನಿಯರೇ, ನಿಮಗೊಂದು ಮಾತು. ಮನೆಯಲ್ಲಿ ನೀವು ಏನನ್ನಾದರೂ ಕಂಡಿದ್ದರೆ ಅದು ನಿಮ್ಮ ತಪ್ಪಲ್ಲ. ಅದನ್ನು ಒಬ್ಬರೇ ಹೊರುವ ಭಾರವೂ ನಿಮ್ಮದಲ್ಲ. ತಾಯಿಗೆ ಹೇಳಿರಿ, ಸೋದರಮಾವನಿಗೆ ಹೇಳಿರಿ, ಅಧ್ಯಾಪಿಕೆಯರಿಗೆ ಹೇಳಿರಿ. ಹೇಳಿದರೆ ಅಪ್ಪನ ಮರ್ಯಾದೆ ಹೋಗುವದೆಂದು ನಾವು ಮೇಲೆ ಹೇಳಿದ ಮನೆಯ ಹುಡುಗಿಯೂ ಹೆದರಿದ್ದಳು. ಮೊದಲನೆಯ ರಾತ್ರಿಯೇ ಹೇಳಿದ್ದರೆ ಸರವು ಹೋಗುತ್ತಿರಲಿಲ್ಲವೇನೋ ಎಂದು ಅವಳು ಈಗಲೂ ಅನ್ನುವದುಂಟು. ಅದಕ್ಕೆ ತಂದೆಯು ಕೊಡುವ ಉತ್ತರವು ಹೀಗಿದೆ: "ಸರ ಹೋದರೆ ಹೋಗಲಿ ಮಗಾ, ನಾನು ಉಳಿದೆನಲ್ಲ." ಇದನ್ನು ಓದುವವರಲ್ಲಿ ಒಂದು ಮನೆಯಾದರೂ ಸರವನ್ನೂ ಮನುಷ್ಯನನ್ನೂ ಎರಡನ್ನೂ ಉಳಿಸಿಕೊಳ್ಳುವದಾದರೆ, ನಾವು ಬರೆದದ್ದು ಸಾರ್ಥಕವಾಯಿತು.